ಇಳಿದ ಮೇಲಿನ ನಮಸ್ಕಾರ

ಗಂಡ ಚನ್ನೇಶ ತೆಂಗಿನ ಮರ ಹತ್ತಿದನೆಂದರೆ ಪುಷ್ಪಲತಾ ಕೆಳಗೆ ನಿಂತು ದೇವರುಗಳ ತಲೆ ತಿನ್ನುತ್ತಿದ್ದಳು. ಮಾಲೇಕಲ್ಲು ವೆಂಕಟರಮಣನಿಗೆ ಮುಡಿಪು, ಊರ ದೇವತೆಗೆ ಮಡಿಲಕ್ಕಿ, ಹೀಗೆ ಮರಕ್ಕೊಂದು ಹರಕೆ. ಅವನು ಇಳಿದ ಕೂಡಲೇ ಅದೆಲ್ಲ ಮರೆತು, ಮುಂದಿನ ಮರದ ಚಿಂತೆ ಹಚ್ಚಿಕೊಳ್ಳುತ್ತಿದ್ದಳು.

ಚನ್ನೇಶನ ರೀತಿಯೇ ಬೇರೆ. ಹತ್ತುವಾಗ ಏನೂ ಬೇಡುತ್ತಿರಲಿಲ್ಲ. ಇಳಿದ ಮೇಲೆ ಮಾತ್ರ ಪ್ರತಿ ಮರದ ಬುಡ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅವನ ಅಪ್ಪ ಕಲಿಸಿದ ಪದ್ಧತಿ.

"ನೂರು ಮರಕ್ಕೆ ನೂರು ಸಲ ಬಗ್ಗಿದ್ರೆ ಸೊಂಟದ ಗತಿ?" ಎಂದು ಅವಳು ರೇಗಿಸಿದರೆ, "ನೂರು ಸಲ ಖುಷೀನೂ ಆಯ್ತದಲ್ಲೇ" ಎನ್ನುತ್ತಿದ್ದ.

ಹೋದ ವರ್ಷ ಬಾವಿ ಪಕ್ಕದ ಮರದಿಂದ ಬಿದ್ದ. ಆ ಬೆಳಿಗ್ಗೆಯಷ್ಟೇ ಅವಳು ಒಟ್ಟಿದ್ದ ಒಣಗರಿಯ ರಾಶಿಯ ಮೇಲೆ ಬಿದ್ದದ್ದರಿಂದ ಜೀವ ಉಳಿಯಿತು, ಕಾಲು ಮುರಿಯಿತು. ಕಾಲೊಳಗೆ ರಾಡು, ಹತ್ತು ತಿಂಗಳು ಜಗಲಿ. ಆ ದರಿದ್ರ ಮರ ಕಡಿಸಿಬಿಡಿ ಎಂದು ಅವಳು ಅತ್ತದ್ದೆಷ್ಟೋ.

ಇವತ್ತು ಅವನು ಹಗ್ಗ ಹಿಡಿದು ನೆಟ್ಟಗೆ ಅದೇ ಮರದ ಬುಡಕ್ಕೆ ಹೋದ.

"ರೀ, ತಲೆ ಕೆಟ್ಟೈತಾ? ಆಳು ಕರೆಸಿದ್ರೆ ಆಗಲ್ವಾ?"

"ಮಿಕ್ಕಿದ್ದಕ್ಕೆಲ್ಲ ಆಳೇ ಬರ್ಲಿ. ಇದೊಂದು ನಾನೇ ಹತ್ಬೇಕು ಕಣೇ."

ಹಗ್ಗ ಬಿಗಿದು ಹತ್ತತೊಡಗಿದ. ಅರ್ಧ ಮರದಲ್ಲಿ ಅವನು ನಿಂತುಬಿಟ್ಟ. ಬಿದ್ದದ್ದು ಅಲ್ಲಿಂದಲೇ. ರಾಡು ಹಾಕಿದ ಕಾಲು ನಡುಗುವುದು ಕೆಳಗಿನಿಂದಲೇ ಕಾಣುತ್ತಿತ್ತು. ಹರಕೆ ಹೊರಲು ಬಾಯಿ ತೆರೆದರೆ ಒಂದು ದೇವರ ಹೆಸರೂ ನೆನಪಾಗಲಿಲ್ಲ. ಆ ಕಾಲನ್ನೇ ನೋಡುತ್ತ ನಿಂತಳು. ಕಾಲು ಮತ್ತೆ ಮೇಲಕ್ಕೆ ಸರಿಯಿತು. ನಾಲ್ಕು ಕಾಯಿ ದಬದಬ ಬಿದ್ದವು. ಅವನು ಇಂಚಿಂಚಾಗಿ ಜಾರಿ ಇಳಿದ.

ಇಳಿದವನು ಬುಡಕ್ಕೆ ಹಣೆ ಹಚ್ಚಿ ಬಹಳ ಹೊತ್ತು ನಿಂತ.

"ಕೆಡವಿದ ಮರಕ್ಕೂ ನಮಸ್ಕಾರವಾ!" ಅವಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

"ಅವತ್ತೂ ಜೀವಂತ ಇಳಿದಿದ್ದೆ ಅಲ್ವೇನೇ? ಬುಡ ಮುಟ್ಟೋಕೆ ಮುಂಚೆ ನೀವೆಲ್ಲ ನನ್ನ ಎತ್ಕೊಂಡು ಓಡಿದ್ರಿ. ಅದೇ ಮನಸ್ಸಲ್ಲಿ ಕೊರೀತಿತ್ತು."

ಪುಷ್ಪಲತಾಳಿಗೆ ನಾಚಿಕೆಯಾಯಿತು. ಹತ್ತು ತಿಂಗಳು ದಿನಾ ಅವನು ಅವಳೆದುರೇ ಕೂತು ಕಾಫಿ ಕುಡಿದಿದ್ದ. ಒಂದು ದಿನವೂ ಅವಳು ಅದಕ್ಕೆ ಖುಷಿಪಟ್ಟಿರಲಿಲ್ಲ, ಬಿದ್ದದ್ದನ್ನೇ ನೆನೆದು ನೆನೆದು ಸವೆದಿದ್ದಳು.

"ಇನ್ನೊಂದು ಐತೆ," ಎಂದ ಚನ್ನೇಶ, ತಲೆ ತಗ್ಗಿಸಿ. "ದಾರೀಲಿ ಯಾಕೆ ಗರಿ ಒಟ್ಟಿದ್ದೀಯ ಅಂತ ಅವತ್ತು ನಿನ್ನ ಬೈದಿದ್ದೆ. ನಿನಗೂ ಕೈ ಮುಗಿದಿರ್ಲಿಲ್ಲ."

ಅವನು ಕೈ ಎತ್ತುವ ಮೊದಲೇ ಅವಳು ಆ ಎರಡೂ ಕೈ ಹಿಡಿದುಕೊಂಡಳು. ಮರದ ಸಿಬಿರು ಚುಚ್ಚಿ ಒರಟಾಗಿದ್ದವು, ಬೆಚ್ಚಗಿದ್ದವು. ಅವುಗಳನ್ನೇ ಕಣ್ಣಿಗೊತ್ತಿಕೊಂಡಳು.