ಕೆಳಗಿಟ್ಟ ಬಟ್ಟಲು

ಕಾಫಿಗೆ ಏಲಕ್ಕಿ ಜಾಸ್ತಿಯಾಗಿದೆ, ಬೀಜ ಸೀದದ್ದನ್ನು ಮುಚ್ಚಿಡಲು ಕೈತುಂಬ ಸುರಿದಿದ್ದಾರೆ, ಬಾಗಿಲು ದಾಟುವ ಮೊದಲೇ ನಿಜ್ಮೆಯ ಮೂಗಿಗೆ ಗೊತ್ತಾಯಿತು, ಅಮ್ಮಾನಿನವರಿಗೆ ಇಷ್ಟೆತ್ತರದ ಹೋಟೆಲು ಕಟ್ಟುವುದು ಗೊತ್ತು, ಒಂದು ಗಿಂಡಿ ಕಾಫಿ ಕಾಸುವುದು ಗೊತ್ತಿಲ್ಲ — ಹಾಗಂತ ಗಂಡ ಮುಫ್ಲೆಹ್ ಅನ್ನುತ್ತಿದ್ದ, ಪ್ರತಿಸಲ ಇಲ್ಲಿಂದ ಮನೆಗೆ ಬಂದವನೇ ಚಪ್ಪಲಿ ಬಿಡುತ್ತಾ, ದಿಯಾಬನ ಅಮ್ಮ, ಆ ಕಾಫಿ ಕುಡಿದು ನಾಲಿಗೆ ಸತ್ತುಹೋಗಿದೆ, ನಿನ್ನದೊಂದು ಬಟ್ಟಲು ಕೊಡು, ಬದುಕ್ಕೋತೀನಿ — ಬದುಕಿಕೊಳ್ಳುವವನಂತೆ, ಸುಳ್ಳ. ಛಾವಣಿಯ ಯಾವುದೋ ತೂತಿನಿಂದ ತಣ್ಣನೆ ಗಾಳಿ ಅವಳ ನೆತ್ತಿಯ ಮೇಲೇ ಬೀಳುತ್ತಿದೆ, ಹೊರಗೆ ಆಗಸ್ಟಿನ ಬಿಸಿಲು, ಒಳಗೆ ಮೈ ನಡುಗುವ ಚಳಿ, ಕೈಯಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಹನ್ನೆರಡು ಉಂಡೆ ಜಮೀದು, ಕುರಿಹಾಲಿನ ಮಜ್ಜಿಗೆ ಕಾಸಿ ಉಪ್ಪು ಹಾಕಿ ಒಣಗಿಸಿದ್ದು, ಒಂದಕ್ಕೊಂದು ತಾಕಿ ಕಲ್ಲಿನ ಸದ್ದು ಮಾಡುತ್ತಿವೆ, ಮಾಡಲಿ, ಸದ್ದು ಬಂದರೆ ಚೆನ್ನಾಗಿ ಒಣಗಿದೆಯೆಂದು ಲೆಕ್ಕ. ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತ ಹುಡುಗಿ ಕೇಳುತ್ತಾಳೆ, ಅಮ್ಮ, ನಿಮ್ಮ ಹೆಸರು, ಯಾವ ವ್ಯಾಪಾರ, ಯಾವೂರು — ನಿಜ್ಮೆ, ಜಮೀದು, ಕರಕ್ — ತನ್ನ ಹೆಸರು ತನ್ನ ಬಾಯಲ್ಲೇ ಹೊಸದಾಗಿ ಕೇಳಿಸಿತು, ಮೂವತ್ತು ವರ್ಷದಿಂದ ಊರಿಗೆಲ್ಲ ಅವಳು ದಿಯಾಬನ ಅಮ್ಮ. ಹುಡುಗಿ ಡಬ್ಬಿಯೊಳಗೆ ಬೆರಳಾಡಿಸಿ ಎದೆಗೆ ಸಿಕ್ಕಿಸುವ ಚೀಟಿಯೊಂದನ್ನು ತೆಗೆದಳು, ನಿಮ್ಮದು ಇಲ್ಲೇ ಇದೆ ನೋಡಿ, ಎರಡು ವರ್ಷದಿಂದ ಇದೆ, ಯಾರೂ ತಗೊಳ್ತಿರ್ಲಿಲ್ಲ, ಎಸೆಯೋಕೆ ಹೋದ್ರೆ ನಿಮ್ಮ ಯಜಮಾನ್ರು ಬಿಡ್ತಿರ್ಲಿಲ್ಲ, ಮುಂದಿನ ಸಲ ಖಂಡಿತ ಬರ್ತಾಳಮ್ಮ ಇಟ್ಟಿರು ಅಂತಿದ್ರು, ಅವರು ಹಿಂದೆ ಬರ್ತಿದಾರಾ? ಚೀಟಿಯ ಮೂಲೆ ಮಡಿಚಿಕೊಂಡಿದೆ, ನಿಜ್ಮೆ ಎಂಬ ಅಕ್ಷರಗಳು ಮಾಸಿವೆ, ಪಿನ್ನು ಸಿಕ್ಕಿಸಲು ಬೆರಳು ಒಪ್ಪುತ್ತಿಲ್ಲ, ಹುಡುಗಿಯೇ ಎದ್ದು ಸಿಕ್ಕಿಸಿದಳು. ಇಲ್ಲ ಮಗಳೇ, ಅವರು ಬರೋದಿಲ್ಲ, ಎಂದಳು ನಿಜ್ಮೆ.

ನಾಲ್ಕು ತಿಂಗಳು ಹತ್ತು ದಿನ, ಗಂಡ ಸತ್ತ ಹೆಂಗಸು ಹೊಸಿಲು ದಾಟದೆ ಕೂರಬೇಕಾದ ದಿನಗಳು ಮೊನ್ನೆ ಮುಗಿದವು, ಮುಗಿದ ಮೂರನೇ ದಿನಕ್ಕೇ ಬಸ್ಸು ಹತ್ತಿದಳು ಎಂದು ಕರಕಿನಲ್ಲಿ ಮಾತಾಡಿಕೊಳ್ಳುತ್ತಿರುತ್ತಾರೆ, ಮಾತಾಡಿಕೊಳ್ಳಲಿ, ಮನೆಯ ಹಿಂದಿನ ಕೋಣೆಯಲ್ಲಿ ಈ ವರ್ಷದ ಜಮೀದೆಲ್ಲ ಹಾಗೇ ಕೂತಿದೆ, ಅಮ್ಮಾನಿನ ದೊಡ್ಡ ವ್ಯಾಪಾರಿ ಅಬು ಹಾಬಿಸನ ಅಂಗಡಿಗಳಿಂದ ಒಂದು ಆರ್ಡರೂ ಇಲ್ಲ, ಅವನ ಅಂಗಡಿ ಸಾಲಿನಲ್ಲಿ ತಮ್ಮ ಜಮೀದು ಇಡುವ ಆ ಒಂದು ಹಲಗೆ ಕೈತಪ್ಪಿದರೆ ಇನ್ನು ಯಾರಿಗಾಗಿ ಮೊಸರು ಕಡೆಯಬೇಕು. ಮಗ ದಿಯಾಬ್ ಅಂದ, ಅಮ್ಮ, ಹೋಗೋದೇನು, ಒಂದು ಫೋನ್ ಮಾಡಿಬಿಡು. ಅವನಪ್ಪನಿದ್ದರೆ ಚೆನ್ನಾಗಿ ಬೈಸಿಕೊಳ್ಳುತ್ತಿದ್ದ, ಫೋನಿನಲ್ಲಿ ಜಮೀದಿನ ವಾಸನೆ ಬರುತ್ತೇನೋ, ಮುಖ ನೋಡಿ ಮಣೆ ಹಾಕೋ ಲೋಕ ಇದು, ಮುಖಾನೇ ತೋರಿಸದೆ ಮಣೆ ಕೇಳ್ತೀಯಾ — ಮುಫ್ಲೆಹ್‌ಗೆ ಮುಖವೇ ಬಂಡವಾಳ, ಯಾರ ಮನೆಯಲ್ಲಿ ಮದುವೆ, ಯಾರ ತಾಯಿಗೆ ಕಾಲು ನೋವು, ಯಾವ ಅಂಗಡಿಯವನ ಮಗಳು ಪರೀಕ್ಷೆ ಪಾಸಾದಳು, ಎಲ್ಲ ಅವನ ನಾಲಿಗೆಯ ತುದಿಯಲ್ಲಿ, ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎಂದು ಅವಳು ಮೂದಲಿಸಿದರೆ ಅವನು ನಗುತ್ತಿದ್ದ, ನಾನು ಬರೀ ಬಾಯಿ ಕಣೇ, ಅವರು ದುಡ್ಡು ಕೊಡೋದು ನಿನ್ನ ಕೈಗೆ, ಆ ಕೈ ಯಾರದು ಅಂತ ಒಂದು ಸಲ ತೋರಿಸೋಣ ಬಾ. ಬರಲಿಲ್ಲ ಅವಳು. ನಾಲ್ಕು ತಿಂಗಳಿಗೊಮ್ಮೆ ಸಣ್ಣ ವ್ಯಾಪಾರಿಗಳ ಈ ಕೂಟ, ಎರಡು ವರ್ಷ, ಆರು ಸಲ ಕರೆದ, ಆರು ಸಲವೂ ಏನಾದರೊಂದು — ಹಾಲು ಬಂದಿದೆ, ಮೊಸರನ್ನು ಬಟ್ಟೆಯಲ್ಲಿ ಕಟ್ಟಿದ್ದೇನೆ, ಬಿಸಿಲು ಚೆನ್ನಾಗಿದೆ ಒಣಗಿಸಬೇಕು, ನನಗೆ ದೊಡ್ಡವರ ಹತ್ತಿರ ಮಾತು ಬರುವುದಿಲ್ಲ — ಈ ಕೊನೆಯದೊಂದೇ ನಿಜ, ಅವಳಿಗೆ ನಾಚಿಕೆಯಾಗುತ್ತಿತ್ತು, ಉಪ್ಪು ತಿಂದು ಒಡೆದ ಬೆರಳುಗಳನ್ನು ಮೇಜಿನ ಮೇಲಿಟ್ಟುಕೊಂಡು ಅಮ್ಮಾನಿನವರ ನಡುವೆ ಕೂರಲು ನಾಚಿಕೆ. ಅಕ್ಕ, ಕರಕಿನವರಾ, ಅಂತ ಪಕ್ಕದಲ್ಲಿ ಯಾರೋ ಚೀಟಿ ಓದಿ ಕೈ ಹಿಡಿದರು, ಅಜ್ಲೂನಿನ ತರ್ಫಾಳಂತೆ, ಆಲಿವ್ ಉಪ್ಪಿನಕಾಯಿ ಮಾಡುವವಳು, ಅಂಗೈ ಎಣ್ಣೆಯಿಂದ ನುಣುಪಾಗಿದೆ, ನೀವೇ ಏನಕ್ಕ ದಿಯಾಬನ ಅಪ್ಪನ ಮನೆಯವರು, ಅಂತೂ ಕರ್ಕೊಂಡು ಬಂದ್ರಾ, ಎಲ್ಲಿ ಅವರು, ಯಾರನ್ನ ಮಾತಿಗೆ ಹಿಡ್ಕೊಂಡಿದಾರೆ — ತೀರಿಕೊಂಡ್ರಮ್ಮ — ತರ್ಫಾಳ ಕೈ ಹಾಗೇ ಇದೆ, ಬಿಡಲಿಲ್ಲ, ಒತ್ತಲಿಲ್ಲ. ಈ ಮಾತನ್ನು ಇವತ್ತು ಇನ್ನೆಷ್ಟು ಜನಕ್ಕೆ ಹೇಳಬೇಕು, ಗುರುತು ಮಾಡಿಕೊಳ್ಳುವುದು ಎಂದರೆ ಅವಳಿಗೆ ಇದೇ ಆಗಿಬಿಟ್ಟಿದೆ, ನಾನು ಇಂಥವಳು, ನನ್ನ ಗಂಡ ಸತ್ತ, ಇದು ನನ್ನ ಜಮೀದು. ತರ್ಫಾ ಮೆತ್ತಗೆ ಹೇಳುತ್ತಾಳೆ, ಅವರು ಕೂತಲ್ಲೆಲ್ಲ ಪಕ್ಕದ ಕುರ್ಚಿ ಮೇಲೆ ಚೀಲ ಇಡೋರಕ್ಕ, ಯಾರಾದ್ರೂ ಕೂರೋಕೆ ಹೋದ್ರೆ ಇಲ್ಲಿ ನಮ್ಮವರಿದಾರೆ ಅನ್ನೋರು, ನಾವೆಲ್ಲ ತಮಾಷೆ ಮಾಡ್ತಿದ್ವಿ, ನಿಮ್ಮವರು ಗಾಳೀಲಿ ಕೂತಿದಾರಾ ಅಂತ. ಅದೋ, ಕಿಟಕಿಯ ಬದಿಯದು, ಎಂದು ತರ್ಫಾ ಕುರ್ಚಿ ತೋರಿಸಿದಳು.

ಆ ಕುರ್ಚಿ ನೋಡಬಾರದು, ನೋಡಿದರೆ ಒಲೆ ಪಕ್ಕದ ಕಟ್ಟೆ ಕಾಣುತ್ತದೆ, ಕಟ್ಟೆಯ ಮೇಲೆ ಬಟ್ಟಲು, ಬೇಡ — ಬಂದೇ ಬಿಟ್ಟಿತು. ಏಪ್ರಿಲ್ ತಿಂಗಳು, ಕುರಿಗಳು ಹಾಲು ಸುರಿಸುವ ಕಾಲ, ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆ ಬಿಸಿಗಿಟ್ಟಿದ್ದಾಳೆ, ಕೈಬಿಡದೆ ಒಂದೇ ದಿಕ್ಕಿಗೆ ತಿರುವುತ್ತಿರಬೇಕು, ಒಂದು ಗಳಿಗೆ ಬಿಟ್ಟರೆ ತಳ ಹಿಡಿದು ಎಲ್ಲ ಹಾಳು, ಅವನು ಇಸ್ತ್ರಿಯ ಅಂಗಿ ಹಾಕಿಕೊಂಡು, ಮೀಸೆ ತಿದ್ದಿಕೊಂಡು ಅಡುಗೆಮನೆಗೆ ಬಂದಿದ್ದಾನೆ, ಕಾಫಿ. ಎಡಗೈಯಲ್ಲಿ ತಿರುವುತ್ತಾ ಬಲಗೈಯಲ್ಲಿ ಗಿಂಡಿ ಎತ್ತಿ ಬಗ್ಗಿಸಿದಳು, ಕಣ್ಣು ಪಾತ್ರೆಯ ಮೇಲೆ, ಬಟ್ಟಲು ಅಂಚಿನವರೆಗೆ ತುಂಬಿಹೋಯಿತು. ತಿಳಿದವರು ಹಾಗೆ ಬಗ್ಗಿಸುವುದುಂಟೇ, ತಳದಲ್ಲಿ ಮೂರು ಗುಟುಕು, ಅಷ್ಟೇ, ಮತ್ತೆ ಬೇಕಾದರೆ ಮತ್ತೆ ಬಗ್ಗಿಸು, ತುಂಬಿ ಕೊಟ್ಟರೆ ಕುಡಿದು ಎದ್ದು ನಡೆ ಎಂದು ಅರ್ಥ, ಬೇಡದ ಅತಿಥಿಗೆ ಹಾಗೆ ಕೊಡುವುದು, ಶತ್ರುವಿಗೆ ಕೊಡುವುದು. ಅವನು ಬಟ್ಟಲು ನೋಡಿದ, ಹುಬ್ಬೇರಿಸಿದ, ಏನಮ್ಮ, ತುಳುಕೋ ಹಾಗೆ ಕೊಟ್ಟೆ, ಓಡಿಸ್ತಿದೀಯಾ ನನ್ನ? ಅಯ್ಯೋ, ಕೈ ಜಾರಿತು, ಕುಡಿದು ಹೊರಡಿ, ಬಸ್ಸು ಕಾಯೋದಿಲ್ಲ. ಅವನು ಕುಡಿಯಲಿಲ್ಲ. ಎರಡೂ ಕೈಯಿಂದ, ಒಂದು ಹನಿ ಚೆಲ್ಲದ ಹಾಗೆ, ಒಲೆ ಪಕ್ಕದ ಕಟ್ಟೆಯ ಮೇಲೆ ಬಟ್ಟಲನ್ನು ಇಟ್ಟ, ಹೆಣ್ಣು ಕೇಳಲು ಬಂದ ಹಿರಿಯರು ಇಡುವ ಹಾಗೆ, ಕೊಲೆಗೆ ರಾಜಿ ಕೇಳಲು ಬಂದವರು ಇಡುವ ಹಾಗೆ, ಇಟ್ಟು ನೆಟ್ಟಗೆ ನಿಂತ, ನಂದೊಂದು ಕೋರಿಕೆ ಇದೆ, ನೀನು ಹೂಂ ಅನ್ನೋವರೆಗೆ ಈ ಬಟ್ಟಲು ಮುಟ್ಟಲ್ಲ. ನಗು ಬಂತು ಅವಳಿಗೆ, ಸಿಟ್ಟೂ ಬಂತು, ಮನೆಯೊಳಗೆ ಗಂಡ ಹೆಂಡತಿ ನಡುವೆ ಯಾರಾದರೂ ಹೀಗೆ ಮಾಡುತ್ತಾರೆಯೇ, ದಿಯಾಬನ ಅಪ್ಪ, ಆಟ ಆಡಬೇಡಿ, ಮಜ್ಜಿಗೆ ಒಡೆಯುತ್ತೆ. ಇವತ್ತು ನನ್ನ ಜೊತೆ ಬಾ, ಇಷ್ಟೇ ಕೋರಿಕೆ, ಒಂದು ದಿನ ಮಜ್ಜಿಗೆ ಒಡೆದ್ರೆ ಒಡೀಲಿ. ಅವನ ಮುಖದಲ್ಲಿ ನಗುವಿತ್ತು ಎಂದು ಆಗ ಅವಳು ಅಂದುಕೊಂಡಿದ್ದಳು, ಇತ್ತೋ ಇಲ್ಲವೋ, ಅವಳೆಲ್ಲಿ ನೋಡಿದಳು, ಪಾತ್ರೆ ನೋಡುತ್ತಿದ್ದಳು, ಬೆವರಿತ್ತೇನೋ, ಒಬ್ಬನೇ ಹೋಗಲು ಆಗದ ಹಾಗೆ ಮೈಯಲ್ಲಿ ಏನಾದರೂ ಆಗುತ್ತಿತ್ತೇನೋ, ಬಾಯಿಬಿಟ್ಟು ಹೇಳುವ ಗಂಡಸಲ್ಲ ಅವನು, ಊರಿಗೆಲ್ಲ ಮಾತು, ತನ್ನ ನೋವಿಗೆ ಬೀಗ. ಮುಂದಿನ ಸಲ ಬರ್ತೀನಿ, ಈಗ ಹೊರಡಿ ಮಾರಾಯರೇ, ತಲೆ ತಿನ್ನಬೇಡಿ. ಇದು ಅವಳು ಅವನಿಗೆ ಆಡಿದ ಕೊನೆಯ ಮಾತು. ಸರಿ, ಅಂದ, ಚೀಲ ಎತ್ತಿಕೊಂಡ, ಚಪ್ಪಲಿಯ ಸದ್ದು, ಬಾಗಿಲ ಸದ್ದು, ಖತ್ರಾನಾ ದಾಟುವ ಮೊದಲೇ ಬಸ್ಸಿನ ಕಿಟಕಿಗೆ ತಲೆಯೊರಗಿಸಿದನಂತೆ, ನಿದ್ದೆ ಅಂದುಕೊಂಡರಂತೆ ಪಕ್ಕದವರು, ಅವನ ಎಡಕ್ಕೆ ಯಾರೋ ಅಪರಿಚಿತ ಕೂತಿದ್ದ, ಆ ಜಾಗದಲ್ಲಿ ಅವಳು ಕೂತಿರಬೇಕಿತ್ತು. ಮಜ್ಜಿಗೆ ಒಡೆಯಲಿಲ್ಲ. ಇಷ್ಟು ವರ್ಷದಲ್ಲಿ ಅಷ್ಟು ಬೆಳ್ಳಗಿನ ಜಮೀದು ಬಂದದ್ದಿಲ್ಲ, ಅದೇ ಈ ಚೀಲದಲ್ಲಿ ಇರುವುದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಸುದ್ದಿ ಬಂದಾಗ ಬಟ್ಟಲು ಅಲ್ಲೇ ಇತ್ತು, ಅಂಚಿನವರೆಗೆ, ಮೇಲೆ ತೆಳ್ಳಗೆ ಕೆನೆಯಂಥದ್ದು ಕಟ್ಟಿತ್ತು, ಜನ ತುಂಬಿದರು, ಅಳು ತುಂಬಿತು, ನೆರೆಮನೆಯ ಫದ್ದಾ ಪಾಪ ಕೈಗೆ ಸಿಕ್ಕಿದ್ದನ್ನೆಲ್ಲ ತೊಳೆದಿಟ್ಟಳು, ಅದನ್ನೂ. ಯಾಕೆ ತೊಳೆದೆ ಎಂದು ಕೇಳಬೇಕೆನಿಸಿತು ನಿಜ್ಮೆಗೆ, ಯಾಕೆ ಎಂದು ಅವಳು ತಿರುಗಿ ಕೇಳಿದರೆ ಏನು ಹೇಳುವುದು.

ಅಬು ಹಾಬಿಸ್ ಅಲ್ಲಿದ್ದಾನೆ ನೋಡಿ ಅಕ್ಕ, ಎಂದು ತರ್ಫಾ ಮೊಣಕೈ ತಟ್ಟಿದಳು, ಬಿಳಿ ಗಡ್ಡ, ದಪ್ಪ ಕನ್ನಡಕ, ಸುತ್ತ ನಾಲ್ಕಾರು ಜನ, ಅವಳ ಕಾಲು ಹೊರಟಿದೆ, ಅವಳು ಇನ್ನೂ ಹೊರಟಿಲ್ಲ, ಚೀಲದಲ್ಲಿ ಗಂಡನ ವಿಸಿಟಿಂಗ್ ಕಾರ್ಡುಗಳೂ ಇವೆ, ಕಾರ್ಡಿನ ಮೇಲೆ ಅವನ ಹೆಸರು, ಅವನ ನಂಬರು, ಆ ಫೋನೂ ಇದೆ, ದಿನಾ ಚಾರ್ಜಿಗೆ ಹಾಕುತ್ತಾಳೆ, ಸತ್ತವನ ಹೆಸರಿನ ಕಾರ್ಡು ಕೊಡುವುದು ಅಪಶಕುನವೋ ಏನೋ, ಬೇಡ, ಜಮೀದೇ ಕೊಡುತ್ತೇನೆ. ಉಂಡೆಯೊಂದನ್ನು ಮೇಜಿನ ಮೇಲಿಟ್ಟಳು, ಟಕ್ಕೆಂದಿತು, ಅಬು ಹಾಬಿಸ್ ಉಂಡೆ ನೋಡಿ ಚೀಟಿ ನೋಡಿ ಎದ್ದು ನಿಂತ, ತಂಗಿ, ದೇವರು ನಿನಗೆ ತಾಳ್ಮೆ ಕೊಡಲಿ, ಸಾವಿನ ಮನೆಗೆ ಬಂದಿದ್ದೆ ನಾನು, ಗಂಡಸರ ಡೇರೆಯಲ್ಲಿ ಕೂತಿದ್ದೆ, ಬಾ ಕೂತ್ಕೊ. ಗಿಂಡಿ ಹಿಡಿದವನು ಬಂದ, ಬಟ್ಟಲು ಕೊಟ್ಟ, ತಳದಲ್ಲಿ ಮೂರು ಗುಟುಕು, ಪರವಾಗಿಲ್ಲ, ಕಾಸಲು ಬರದಿದ್ದರೂ ಬಗ್ಗಿಸಲು ಬರುತ್ತದೆ ಇವರಿಗೆ. ಅಬು ಹಾಬಿಸ್ ಉಂಡೆಯ ತುದಿ ಕೆರೆದು ನಾಲಿಗೆಗಿಟ್ಟುಕೊಂಡ, ಕಣ್ಣು ಮುಚ್ಚಿದ, ಇದನ್ನ ಮಾಡೋದು ನನ್ನ ಹೆಂಡತಿ ಕೈ ಅಂತ ನಿನ್ನ ಗಂಡ ಹೇಳ್ತಾನೇ ಇದ್ದ, ನಾನು ವ್ಯಾಪಾರದ ಮಾತು ಅಂದ್ಕೊಂಡೆ ತಂಗಿ, ಆ ಕೈ ಇದ್ರೆ ಒಂದಿನ ಕರ್ಕೊಂಡು ಬಾರಪ್ಪ ಅಂತ ಚುಚ್ಚುತ್ತಿದ್ದೆ, ಅವನು ಹೋದ ಮೇಲೆ ಮಾಡೋರಿಲ್ಲ ಅಂತ ತಿಳಿದು ಆ ಹಲಗೆಗೆ ಬೇರೆಯವರನ್ನ ಗೊತ್ತು ಮಾಡಿದೆ, ಸೋಮವಾರ ಅವರ ಮಾಲು ಬರುತ್ತೆ. ಚುಚ್ಚುತ್ತಿದ್ದನಂತೆ, ಇವನ ಚುಚ್ಚು ಮಾತನ್ನು ಐದು ಸಲ ನುಂಗಿಕೊಂಡು ಮನೆಗೆ ಬಂದು ಅವನು ಬರೀ ಕಾಫಿಯ ಬಗ್ಗೆ ದೂರುತ್ತಿದ್ದ, ನಾಲಿಗೆ ಸತ್ತುಹೋಗಿದೆ ಕಣೇ, ಅಷ್ಟೇ ಹೇಳುತ್ತಿದ್ದ. ನಿಜ್ಮೆಯ ಕೈಯಲ್ಲಿ ಬಟ್ಟಲು ಬೆಚ್ಚಗಿದೆ, ಇವಳು ಹೆಂಗಸು, ಹೆಂಗಸರು ಹೀಗೆ ಮಾಡಿದ್ದನ್ನು ಕಂಡಿಲ್ಲ, ಕೇಳಿಲ್ಲ, ಮಾತು ಬರುವುದಿಲ್ಲ ಎನ್ನುವವಳಿಗೆ ಬೇರೇನು ದಾರಿ — ಎರಡೂ ಕೈಯಿಂದ, ಹನಿ ಚೆಲ್ಲದ ಹಾಗೆ, ಮೇಜಿನ ಮೇಲೆ ಇಟ್ಟಳು. ಅಬು ಹಾಬಿಸ್ ಬಟ್ಟಲನ್ನೇ ನೋಡಿದ, ಆಮೇಲೆ ಅವಳನ್ನು, ನಗಲಿಲ್ಲ ಅವನು, ಪಾತ್ರೆ ನೋಡಲಿಲ್ಲ, ಬಸ್ಸು ಹೋಗುತ್ತೆ ಅನ್ನಲಿಲ್ಲ, ಕನ್ನಡಕ ತೆಗೆದು ಮೈ ನೆಟ್ಟಗೆ ಮಾಡಿಕೊಂಡು ಕೂತ, ಕೇಳು ತಂಗಿ, ಅಂದ. ಆ ಹಲಗೆ ನನಗಿರಲಿ ಅಣ್ಣ, ದಿಯಾಬನ ಅಪ್ಪನ ಹೆಸರಲ್ಲಿ ಬೇಡ, ಈ ಕೈಯ ಹೆಸರಲ್ಲೇ ಇರಲಿ, ಅಂದಳು, ಒಡೆದ ಬೆರಳುಗಳು ಎಲ್ಲರೆದುರು ಮೇಜಿನ ಮೇಲಿದ್ದವು. ಅವನು ಒಂದು ಉಸಿರು ತೆಗೆದುಕೊಂಡ, ಅಷ್ಟೇ, ಒಂದೇ ಉಸಿರು, ಕುಡಿ ತಂಗಿ, ಅಂದ, ಹಲಗೆ ನಿನ್ನದು, ಸೋಮವಾರದವರಿಗೆ ನಾನು ಹೇಳ್ಕೋತೀನಿ, ಕುಡಿ.

ಇಷ್ಟು ಸುಲಭವಿತ್ತು, ಒಂದು ಮಾತು, ಗುರುತು ಪರಿಚಯವಿಲ್ಲದ ಮುದುಕನೊಬ್ಬ ಒಂದು ಉಸಿರಿನಲ್ಲಿ ಹೇಳಿಬಿಟ್ಟ ಮಾತು, ಬಾಯಿಂದ ಬರಲು ಮಜ್ಜಿಗೆ ಒಡೆಯಬೇಕಿರಲಿಲ್ಲ, ಒಲೆ ಆರಬೇಕಿರಲಿಲ್ಲ, ಕುಡೀರಿ ದಿಯಾಬನ ಅಪ್ಪ, ಬರ್ತೀನಿ, ಅಂದಿದ್ದರೆ ಮುಗಿಯುತ್ತಿತ್ತು, ಅವನು ಮೂರು ಗುಟುಕಿಗೆ ಕುಡಿದು ಬಾಯೊರೆಸಿಕೊಂಡು ಚಪ್ಪಲಿ ಹಾಕಿಕೊ ಅನ್ನುತ್ತಿದ್ದ, ಮೂರು ಗುಟುಕಲ್ಲ, ಅಷ್ಟು ತುಂಬಿದ್ದಕ್ಕೆ ಹತ್ತಾದರೂ ಬೇಕಿತ್ತು. ತರ್ಫಾ ನಗುತ್ತಾ ಅಳುತ್ತಾ ಬೆನ್ನು ಸವರುತ್ತಿದ್ದಾಳೆ, ಕುಡೀರಿ ಅಕ್ಕ, ಒಪ್ಪಿದ್ರು, ಕಿಟಕಿಯ ಬದಿಯ ಕುರ್ಚಿ ಖಾಲಿಯಿದೆ, ಅದರ ಮೇಲೆ ಚೀಲವಿಲ್ಲ, ಸುತ್ತ ಎಲ್ಲರೂ ಕಾಯುತ್ತಿದ್ದಾರೆ, ಕುಡಿದರೆ ಕೋರಿಕೆ ಈಡೇರಿದ ಹಾಗೆ, ಬಟ್ಟಲು ಅಲ್ಲೇ ಇದೆ, ಗೇಣು ದೂರ, ಕೈ ಎತ್ತಬೇಕು, ಎತ್ತುತ್ತಿದ್ದಾಳೆ, ಬೆರಳಿಗೆ ತಾಕಬೇಕಾದದ್ದು ತಾಕುತ್ತಿಲ್ಲ, ಕುಡಿ ತಂಗಿ, ಆರಿಹೋಗುತ್ತೆ, ಎನ್ನುತ್ತಾನೆ ಮುದುಕ ಮತ್ತೆ, ಆರಿಹೋಗಿದೆ ಅಣ್ಣ, ಆಗಲೇ ಆರಿಹೋಗಿದೆ, ಮೇಲೆ ಕೆನೆ ಕಟ್ಟಿದೆ, ಒಲೆ ಪಕ್ಕದ ಕಟ್ಟೆಯ ಮೇಲೆ, ಯಾರೂ ಮುಟ್ಟದ ಬಟ್ಟಲು, ಅಂಚಿನವರೆಗೆ, ಒಂದು ಹನಿಯೂ ಚೆಲ್ಲದೆ, ಅಂಚಿನವರೆಗೆ