ಬೆವರು ಓದುವ ಪಟ್ಟಿ

"ಏನೇ, ನಿನ್ ಮೈಯಲ್ಲಿ ಬೆವರೇ ಇಲ್ವಂತೆ! ಯಾವ್ ಮೂಲೇಲಿ ಬಿದ್ಕೊಂಡಿದ್ದೆ?"

ಮೇಸ್ತ್ರಿ ಶಶಿಕುಮಾರ್ ಫೋನನ್ನು ಮುನಿಯಕ್ಕನ ಮುಖಕ್ಕೆ ಹಿಡಿದ. ಅವಳ ಹೆಸರಿನ ಪಕ್ಕ ಕೆಂಪು ಚುಕ್ಕೆ. ಬೆಳಗ್ಗೆ ಆರಕ್ಕೆ ಪೊರಕೆ ಹಿಡಿದವಳು ಚಾಮರಾಜಪೇಟೆಯ ಮೂರು ಅಡ್ಡರಸ್ತೆ ಗುಡಿಸಿ, ಕಸವನ್ನು ಗುಡ್ಡೆ ಹಾಕಿ, ಸೊಂಟ ನೆಟ್ಟಗೆ ಮಾಡಲು ಈಗಷ್ಟೇ ನಿಂತಿದ್ದಳು.

"ಗುಡ್ಡೆ ಕಾಣಲ್ವಾ ಮೇಸ್ತ್ರಿ?"

"ಗುಡ್ಡೆ ಕಟ್ಕೊಂಡ್ ನಂಗೇನು? ಪಟ್ಟಿ ಏನ್ ಹೇಳ್ತದೋ ಅದೇ ಲೆಕ್ಕ. ಇದು ಎರಡನೇ ಕೆಂಪು. ಮೂರಾದ್ರೆ ನಾಳೆಯಿಂದ ಬರ್ಬೇಡ."

ಪಟ್ಟಿ ಅವಳ ಮುಂಗೈಗೆ ಅಂಟಿಕೊಂಡಿತ್ತು, ಎರಡು ಬೆರಳಗಲ. ಯಾವುದೋ ಕಂಪನಿಯವರು ಹದಿನೈದು ದಿನದ ಹಿಂದೆ ವಾರ್ಡಿನ ಪೌರಕಾರ್ಮಿಕ ಹೆಂಗಸರಿಗೆಲ್ಲ ಅಂಟಿಸಿ ಹೋಗಿದ್ದರು. ಅದು ಬೆವರು ಹೀರಿ, ಉಪ್ಪು ಅಳೆದು, ಮೈಯ ಸ್ಥಿತಿಯನ್ನು ಫೋನಿಗೆ ಕಳಿಸುತ್ತದಂತೆ. ನಿಮ್ಮ ಆರೋಗ್ಯಕ್ಕೇ ಅಂದಿದ್ದರು. ಫೋನು ಮಾತ್ರ ಮೇಸ್ತ್ರಿಯ ಕೈಯಲ್ಲಿತ್ತು.

ಹತ್ತು ಗಂಟೆಗೆ ಕಂಪನಿಯ ಹುಡುಗಿ ಯಶಶ್ರೀ ಬಂದಳು. ಒಳ್ಳೆಯವಳೇ. ಮುನಿಯಕ್ಕನ ಕೈ ಹಿಡಿದು ನೋಡಿದಳು.

"ಕೆಂಪು ಅಂದ್ರೆ ಕೆಲಸ ಮಾಡಿಲ್ಲ ಅಂತಲ್ಲಮ್ಮ. ಮೈಯಲ್ಲಿ ನೀರಿಲ್ಲ ಅಂತ. ಹಿಂಗೇ ಆದ್ರೆ ಕಿಡ್ನಿ ಹೋಗುತ್ತೆ. ಗಂಟೆಗೆ ಎರಡು ಲೋಟ ಕುಡೀಬೇಕು ನೀವು."

"ಕುಡುದ್ರೆ ಹೋಗೋದೆಲ್ಲಿ?"

"ಎಲ್ಲಿಗೆ?"

"ಉಚ್ಚೆಗೆ ಕಣ್ ತಾಯಿ," ಅಂದಳು ಪಕ್ಕದಲ್ಲಿದ್ದ ಅಂಜಿನಮ್ಮ. "ಐದು ಗಂಟೆಗೆ ಮನೇಲಿ ಹೋದ್ರೆ, ಮಧ್ಯಾಹ್ನ ಎರಡಕ್ಕೆ ತಿರ್ಗಾ ಮನೇಲೇ. ಅದಕ್ಕೇ ನಾವ್ಯಾರೂ ಕುಡ್ಯಲ್ಲ."

ಯಶಶ್ರೀ ತನ್ನ ಫೋನಿನ ಪರದೆಯನ್ನು ಮೇಲೆ ಕೆಳಗೆ ಸರಿಸಿದಳು. "ಅದನ್ನ ಬರೆಯೋಕೆ ಇದರಲ್ಲಿ ಜಾಗ ಇಲ್ಲಮ್ಮ," ಅಂದಳು, ತಲೆ ಎತ್ತದೆ.

ಅಂಜಿನಮ್ಮನಿಗೂ ಎರಡು ಕೆಂಪು ಬಿದ್ದಿತ್ತು. ಕೆಲಸ ಹೋಗುವ ಭಯಕ್ಕೆ ಒಂದು ಬಾಟಲಿ ನೀರನ್ನು ಗಟಗಟ ಕುಡಿದಳು. ಹನ್ನೊಂದೂವರೆಗೆ ಹೊಟ್ಟೆ ಹಿಡಿದುಕೊಂಡು ಬಗ್ಗಿದಳು. ಮುನಿಯಕ್ಕ ಅವಳನ್ನು ನಂಜುಂಡಯ್ಯನವರ ಗೇಟಿಗೆ ನಡೆಸಿಕೊಂಡು ಹೋದಳು. ಒಂಬತ್ತು ವರ್ಷದಿಂದ ಆ ಮನೆಯ ಮುಂದೆ ಗುಡಿಸುತ್ತಿದ್ದವರು ಇವರೇ.

"ಸ್ವಾಮಿ, ಇವಳಿಗೆ ಅರ್ಜೆಂಟು. ಹಿಂದ್ಗಡೆ ಕಕ್ಕಸ್ ಐತಲ್ಲ, ಒಂದೇ ನಿಮಿಷ."

"ಒಳಗೆ ಪೂಜೆ ನಡೀತಿದೆ. ನಿಮ್ಮವರನ್ನ ಬಿಟ್ಕೊಂಡ್ರೆ ಆಮೇಲೆ ತೊಳೆಯೋರ್ಯಾರು?"

"ನಾವೇ ತೊಳೀತೀವಿ ಸ್ವಾಮಿ. ಎಲ್ಲಾರದೂ ತೊಳೆಯೋರು ನಾವೇ ಅಲ್ವಾ?"

ಅವರು ಗೇಟಿನ ಚಿಲಕ ಹಾಕಿಕೊಂಡರು.

ತಿರುಗುವಷ್ಟರಲ್ಲಿ ಅಂಜಿನಮ್ಮನ ಸೀರೆ ಒದ್ದೆಯಾಗಿತ್ತು. ಮೊಮ್ಮಗಳನ್ನು ಕಂಡ ಹೆಂಗಸು ಹಾಡಹಗಲಲ್ಲಿ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡು ನಡುರಸ್ತೆಯಲ್ಲಿ ನಿಂತಳು. ಬೈಕಿನಲ್ಲಿ ಬಂದ ಶಶಿಕುಮಾರ್ ಕಾಲೂರಿ ನೋಡಿದ.

"ಥೂ, ಎಮ್ಮೆ ತರ! ನೀರ್ ಹಾಕ್ರೇ ಅದಕ್ಕೆ, ಕಂಪ್ಲೇಂಟ್ ಬರ್ತದೆ." ಫೋನು ನೋಡಿ ನಕ್ಕ. "ಹಸಿರು ಬಂತು ಬಿಡು ನಿಂಗೆ."

ಮುನಿಯಕ್ಕ ನೀರು ಹಾಕಿ ತೊಳೆದಳು. ಬಯ್ಯುವುದಕ್ಕೂ ಅವಳಲ್ಲಿ ತ್ರಾಣವಿರಲಿಲ್ಲ.

ಹನ್ನೆರಡೂವರೆಗೆ ವಾರ್ಡ್ ಆಫೀಸಿನ ಕಕ್ಕಸು ತೊಳೆಯುವ ಪಾಳಿ ಅವಳದು. ತೊಳೆದು, ಬೀಗ ಹಾಕಿ, ಕೀ ವಾಪಸ್ ಕೊಡಬೇಕು. ಆವತ್ತು ತೊಳೆದಳು, ಬೀಗ ಹಾಕಲಿಲ್ಲ.

"ಅಂಜಿನಿ, ಬಾ ಇಲ್ಲಿ. ಸೀರೆ ತೊಳ್ಕೊ. ನಿಧಾನಕ್ಕೆ ತೊಳ್ಕೊ."

ಮಿಕ್ಕ ಹೆಂಗಸರನ್ನೂ ಕೂಗಿದಳು. ಆಮೇಲೆ ಆ ಬಾಗಿಲ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಳು. ಕಾಲು ಸಿಡಿಯುತ್ತಿತ್ತು.

ಆಫೀಸರ್ ಅಭಿನಂದನ್ ಬಂದವರು ಬಾಗಿಲು ಗುದ್ದಿದರು. "ಯಾರದು ಒಳಗೆ? ಇದು ಸ್ಟಾಫ್ ಟಾಯ್ಲೆಟ್ಟು!"

"ನಾವೂ ಸ್ಟಾಫೇ ಸಾರ್," ಅಂದಳು ಮುನಿಯಕ್ಕ, ಕೂತಲ್ಲಿಂದಲೇ.

"ಕೀ ಕೊಡು."

ಮುನಿಯಕ್ಕ ಕೀಯನ್ನು ರವಿಕೆಯೊಳಗೆ ಇಳಿಸಿದಳು. ಓಡಿ ಬಂದ ಶಶಿಕುಮಾರ್ ಬಾಯಿ ತೆರೆಯುವ ಮೊದಲೇ, "ಮುಚ್ಕೊಂಡ್ ನಿಂತ್ಕೊಳೋ, ಮುಂಡೇಮಗನೆ," ಅಂದಳು, ದನಿ ಏರಿಸದೆ.

ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಹೆಂಗಸರು ಮೆಟ್ಟಿಲವರೆಗೂ ಸಾಲಾಗಿ ನಿಂತಿದ್ದರು.

"ಇನ್ನೂ ಸುಮಾರು ಜನ ಇದೀವಿ ಸಾರ್," ಅಂದಳು ಮುನಿಯಕ್ಕ. "ನಿಮಗೆ ಅರ್ಜೆಂಟಿದ್ರೆ ಹಿಂದೆ ಹೋಗಿ ನಿಂತ್ಕೊಳ್ಳಿ."