ಐದಕ್ಕೆ ತಿರುಗುವವನು

"ಹುಡುಗನಿಗೆ ಹೇಳಿಕೊಡ್ತೀಯೋ ಇಲ್ವೋ, ಅಷ್ಟು ಹೇಳು," ಅಂದ ಕೋಚ್. "ಸುತ್ತಿ ಬಳಸಿ ಮಾತಾಡೋಕೆ ನಂಗೆ ಟೈಮಿಲ್ಲ."

"ಇಲ್ಲ."

"ಯಾಕೆ?"

"ತಲೆ ನಂದು. ಒಳಗಿರೋದೂ ನಂದು. ಬೇಕಿದ್ರೆ ಆ ನಿನ್ನ ಹುಡುಗ ಏಣಿ ಹದಿನೆಂಟು ವರ್ಷ ಗೋಲಲ್ಲಿ ನಿಂತು, ಹಲ್ಲು ಮುರಿಸ್ಕೊಂಡು ಕಲೀಲಿ. ನಂಗೆ ಯಾರೂ ಬಟ್ಟಲಲ್ಲಿ ಹಾಕಿ ಕೊಡಲಿಲ್ಲ."

"ನಿನ್ನ ಹಲ್ಲು ಮುರಿದಿದ್ದು ಗೋಲಲ್ಲಲ್ಲ, ಕಾರ್ಖಾನೆ ಬಚ್ಚಲಲ್ಲಿ ಜಾರಿ. ಎತ್ಕೊಂಡು ಹೋದವನು ನಾನು."

ಬಾಗಿಲ ಹತ್ತಿರ ಷೂ ದಾರ ಕಟ್ಟುತ್ತಿದ್ದ ಇಬ್ಬರು ತಲೆ ತಗ್ಗಿಸಿ ನಕ್ಕರು. ಚಿಲಕ ತನ್ನ ಕೈಯಲ್ಲಿದ್ದ ಹೆಲ್ಮೆಟ್ಟನ್ನು ಬೆಂಚಿನ ಮೇಲೆ ಎಸೆದ. ಅದು ಉರುಳಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಮಂಡಿ ಒಪ್ಪಲಿಲ್ಲ. ಅಲ್ಲೇ ಬಿಟ್ಟು ಹೊರಟ.

ಕಾಗದದ ಕಾರ್ಖಾನೆಯ ಹಾಕಿ ತಂಡಕ್ಕೆ ಅವನು ಹದಿನೆಂಟು ವರ್ಷದಿಂದ ಗೋಲ್‌ಕೀಪರ್. ಅವನು ನಿಂತರೆ ಗೋಲಿಗೆ ಚಿಲಕ ಹಾಕಿದ ಹಾಗೆ ಎಂದು ಯಾರೋ ಅಂದದ್ದು ಮೈಗೆ ಅಂಟಿಕೊಂಡು, ಹೆಂಡತಿಯ ತವರಿನವರೂ ಹಾಗೇ ಕರೆಯುತ್ತಿದ್ದರು. ಈಗ ವಯಸ್ಸು ನಲವತ್ತೊಂದು. ಮಂಡಿಗಳು ಮಳೆಗಾಲದ ಬಾಗಿಲಿನಂತೆ ಬಿಗಿದುಕೊಂಡಿದ್ದವು. ಕೂತರೆ ಏಳಲು ಏನಾದರೂ ಹಿಡಿಯಬೇಕಿತ್ತು.

ಕೋಚ್ ಈ ವರ್ಷ ಮೂವರು ಗೋಲ್‌ಕೀಪರುಗಳನ್ನು ಇಟ್ಟುಕೊಂಡು ತಕ್ಕಡಿ ತೂಗುತ್ತಿದ್ದ. ಮೊದಲರ್ಧಕ್ಕೆ ಏಣಿ. ಇಪ್ಪತ್ತೆರಡರ ಹುಡುಗ, ಹೆಸರಿಗೆ ತಕ್ಕ ಎತ್ತರ. ಎರಡನೆಯರ್ಧಕ್ಕೆ ಗುಂಡ. ಆಟ ಸಮವಾಗಿ ಶೂಟೌಟಿಗೆ ಹೋದರೆ ಮಾತ್ರ ಚಿಲಕ. ಶೂಟೌಟ್ ಅಂದರೆ ಎದುರಾಳಿಗಳು ಐದು ಮಂದಿ ಒಬ್ಬೊಬ್ಬರಾಗಿ ಚೆಂಡು ತಳ್ಳಿಕೊಂಡು ಬರುತ್ತಾರೆ, ಗೋಲ್‌ಕೀಪರ್ ಒಬ್ಬನೇ ಎದುರು. ಗೋಲು ಹೊಡೆಯಲು ಎಂಟು ಸೆಕೆಂಡು. ಅಡ್ಡ ಬರುವವರು ಯಾರೂ ಇಲ್ಲ.

"ಬಸ್ಸು ಕೆಟ್ಟು ನಿಂತಾಗ ತಳ್ಳೋಕೆ ಕರೆಯೋ ಹಾಗೆ ಕರೀತಾನೆ," ಎಂದು ಚಿಲಕ ಬೈಯುತ್ತಿದ್ದ. ಬೈಯುತ್ತಲೇ ಅದಕ್ಕಾಗಿ ಕಾಯುತ್ತಿದ್ದ. ಈ ವರ್ಷ ಅಂಥ ನಾಲ್ಕು ಪಂದ್ಯ ಬಂದಿದ್ದವು, ನಾಲ್ಕನ್ನೂ ಅವನೇ ಗೆಲ್ಲಿಸಿದ್ದ. ಗೆಲ್ಲಿಸಿದ್ದು ಕಾಲಿನಿಂದಲ್ಲ. ಯಾವ ತಂಡದ ಯಾವನು ಯಾವ ಕಡೆ ತಿರುಗುತ್ತಾನೆ, ಯಾವನಿಗೆ ಗಾಬರಿಯಾದರೆ ಚೆಂಡು ಮುಂದೆ ಓಡುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. ಈಗ ಬಂದರಿನ ತಂಡದ ಎದುರು ಭಾನುವಾರದ ಫೈನಲ್ಲಿಗೆ ಶೂಟೌಟೂ ಏಣಿಗೇ ಅಂದುಬಿಟ್ಟಿದ್ದ ಕೋಚ್. ಹೋದ ಪಂದ್ಯದಲ್ಲಿ ಚಿಲಕ ಬಿದ್ದವನು ತಾನಾಗಿ ಏಳಲಾರದೆ ಇಬ್ಬರು ಬಂದು ಎತ್ತಬೇಕಾಗಿತ್ತು. ಜಾಗವನ್ನು ಕಿತ್ತುಕೊಂಡ ಮೇಲೆ ಬಾಯಿಪಾಠವನ್ನೂ ಕೊಡು ಅಂದರೆ ಯಾವನಿಗೆ ತಾನೆ ಮೈ ಉರಿಯುವುದಿಲ್ಲ.

ಮನೆಗೆ ಬಂದಾಗ ಹೆಂಡತಿ ಇದ್ದಳು. ವಾರದ ರಜೆ. ಅವಳದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎರಡನೆಯ ಪಾಳಿ. ಇವನು ಬರುವ ಹೊತ್ತಿಗೆ ಅವಳಿರುತ್ತಿರಲಿಲ್ಲ, ಅವಳು ಬರುವ ಹೊತ್ತಿಗೆ ಇವನಿಗೆ ನಿದ್ದೆ. ಮಕ್ಕಳಿರಲಿಲ್ಲ. ವಾರವಿಡೀ ಆಸ್ಪತ್ರೆಯ ಚಾದರ ಮಡಚುವವಳು ಮನೆಯ ಚಾದರವನ್ನು ಮುಟ್ಟುತ್ತಿರಲಿಲ್ಲ. ಅದು ಕುರ್ಚಿಯ ಮೇಲೆ ಗುಡ್ಡೆಯಾಗಿ ಬಿದ್ದಿತ್ತು. ಅದರ ಮೇಲೇ ಕೂತು ನಡೆದದ್ದನ್ನೆಲ್ಲ ಹೇಳಿದ.

"ಹೇಳಿದ್ರೆ ನಿಮ್ಮ ಗಂಟೇನ್ರೀ ಹೋಗುತ್ತೆ?"

"ಹೇಳಿಬಿಟ್ರೆ ಆಮೇಲೆ ನನ್ನನ್ನ ಯಾಕೆ ಇಟ್ಕೋತಾರೆ?"

"ಈಗ ಇಟ್ಕೊಂಡಿದಾರಾ?"

ಅವಳು ಚುಚ್ಚಲೆಂದು ಅಂದದ್ದಲ್ಲ. ಕೇಳಿದ್ದಷ್ಟೆ. ಅವಳು ಹೋಗಿ ಮಲಗಿದಳು. ವಾರಕ್ಕೊಂದೇ ದಿನ ಅವಳಿಗೆ ಹೊತ್ತಿಗೆ ಸರಿಯಾಗಿ ನಿದ್ದೆ.

ಮರುದಿನ ಊಟದ ಬಿಡುವಿನ ಹೊತ್ತಿಗೆ ಕಾರ್ಖಾನೆಯ ಉಗ್ರಾಣದ ಕಿಂಡಿಯಲ್ಲಿ ಏಣಿಯ ಮುಖ ಕಾಣಿಸಿತು. ಚಿಲಕನ ಕೆಲಸ ಅಲ್ಲಿ. ಯಂತ್ರಗಳ ಬಿಡಿಭಾಗ ಎತ್ತಿಕೊಡುವುದು, ಚೀಟಿಯನ್ನು ಮೊಳೆಗೆ ಚುಚ್ಚುವುದು. ಕಿಂಡಿ ತಗ್ಗಿನಲ್ಲಿತ್ತು. ಏಣಿ ಸೊಂಟ ಮಡಚಿ ನಿಂತಿದ್ದ.

"ಏನು ಬೇಕು?"

"ಬೇರಿಂಗು ಅಣ್ಣ."

"ಯಾವ ಸೈಜು?"

ಏಣಿ ಚೀಟಿ ತೆಗೆದು ನೋಡಿದ. ಚೀಟಿಯಲ್ಲಿ ಏನೂ ಬರೆದಿರಲಿಲ್ಲ.

"ಸುಳ್ಳು ಹೇಳೋಕೂ ಬರಲ್ವಲ್ಲೋ ನಿಂಗೆ. ಕೋಚ್ ಕಳಿಸಿದ್ನಾ?"

"ಇಲ್ಲ ಅಣ್ಣ, ನಾನೇ ಬಂದೆ. ನಂಗೆ ಹೆದರಿಕೆ ಆಗ್ತಿದೆ. ತಿಂದಿದ್ದು ಹೊಟ್ಟೇಲಿ ನಿಲ್ತಿಲ್ಲ."

ಹದಿನೆಂಟು ವರ್ಷ ಪ್ರತಿ ಪಂದ್ಯಕ್ಕೂ ಮುಂಚೆ ಚಿಲಕ ಷೆಡ್ಡಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಎದೆ ಉಬ್ಬಿಸಿ ಬರುತ್ತಿದ್ದ. ಒಬ್ಬರಿಗೂ ಹೇಳಿರಲಿಲ್ಲ, ಹೆಂಡತಿಗೂ. ಇವನು ನೋಡಿದರೆ ಹಗಲು ಹೊತ್ತಿನಲ್ಲಿ ಕಿಂಡಿಗೆ ಬಂದು ಹೇಳುತ್ತಿದ್ದಾನೆ, ಬೇರಿಂಗು ಕೇಳಿದಷ್ಟು ಸಲೀಸಾಗಿ.

"ಆ ಕಡೆ ಬಾಗಿಲಿದೆ, ಒಳಗೆ ಬಾ," ಅಂದ.

ಮೂಲೆಯ ಕಸಬರಿಗೆಯೇ ಹಾಕಿ ಕೋಲಾಯಿತು, ಹಳೇ ಬಟ್ಟೆಯ ಉಂಡೆ ಚೆಂಡಾಯಿತು. ಎರಡು ಕಪಾಟುಗಳ ನಡುವಿನ ಓಣಿಯಲ್ಲಿ ಏಣಿಯನ್ನು ನಿಲ್ಲಿಸಿ, ಬಂದರಿನ ತಂಡದ ಐದೂ ಮಂದಿಯ ವೇಷ ಚಿಲಕನೇ ಹಾಕಿದ. ಒಬ್ಬ ಹೊಡೆಯುವ ಮುಂಚೆ ನಾಲಿಗೆ ಕಚ್ಚುತ್ತಾನೆ. ಇನ್ನೊಬ್ಬನ ಕಣ್ಣು ಎತ್ತಲಿರುತ್ತದೋ ಚೆಂಡು ಅತ್ತ ಹೋಗುವುದೇ ಇಲ್ಲ. ಕೊನೆಗೆ ಅವರ ನಾಯಕ ಕೊಕ್ಕೆ. ಹನ್ನೆರಡು ವರ್ಷದಿಂದ ಚಿಲಕನೂ ಅವನೂ ಒಬ್ಬರನ್ನೊಬ್ಬರು ತಿಂದು ಹಾಕಲು ನೋಡುತ್ತಿದ್ದರು.

"ಇವನು ನಿನ್ನ ಬಲಗೈ ಕಡೆ ಓಡ್ತಾನೆ. ಓಡ್ಲಿ, ನಂಬಬೇಡ. ಮನಸ್ಸಲ್ಲೇ ಎಣಿಸ್ತಾ ಇರು. ಐದಕ್ಕೆ ಎಡಗಾಲ ಮೇಲೆ ಗಿರಕ್ಕಂತ ತಿರುಗಿ ನಿನ್ನ ಎಡಕ್ಕೆ ಬರ್ತಾನೆ. ನೀನು ನಾಲ್ಕಕ್ಕೇ ಎಡಕ್ಕೆ ಬಿದ್ದಿರಬೇಕು. ಐದರ ತನಕ ಕಾದ್ರೆ ಚೆಂಡನ್ನ ಬಲೆಯಿಂದ ಎತ್ಕೊಂಡು ಬರಬೇಕಾಗುತ್ತೆ."

ತಿರುಗಿ ತೋರಿಸಲು ಹೋದ. ಮಂಡಿ ಚಟ್ಟೆಂದಿತು. ಕಪಾಟಿಗೆ ಒರಗಿಬಿದ್ದ, ಮೇಲಿಂದ ನಟ್ಟುಗಳ ಡಬ್ಬಿಯೊಂದು ಉರುಳಿ ಇಬ್ಬರ ತಲೆಯ ಮೇಲೂ ಸುರಿಯಿತು.

"ಇದನ್ನೂ ಕೊಕ್ಕೆ ಮಾಡ್ತಾನಾ ಅಣ್ಣ?" ಅಂದ ಏಣಿ.

ಇಬ್ಬರೂ ನೆಲದಲ್ಲಿ ಕೂತು ನಟ್ಟು ಆರಿಸುತ್ತ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೈರನ್ ಕೂಗಿದಾಗಲೇ ಊಟದ ಹೊತ್ತು ಮುಗಿಯಿತೆಂದು ತಿಳಿದದ್ದು. ಒಬ್ಬರ ಜೊತೆ ಇಷ್ಟು ಹೊತ್ತು ಮಾತಾಡಿ ಎಷ್ಟು ಕಾಲವಾಯಿತು ಎಂದು ಚಿಲಕ ಯೋಚಿಸಲು ಹೋಗಿ, ಬೇಡವೆಂದು ಬಿಟ್ಟ.

ಭಾನುವಾರ ಆಟ ಒಂದೊಂದು ಗೋಲಿಗೆ ಸಮವಾಯಿತು. ಗುಂಡನಿಗೆ ಜ್ವರ. ಅರವತ್ತು ನಿಮಿಷವೂ ಏಣಿಯೇ ನಿಂತ. ಬದಲಿ ಗೋಲ್‌ಕೀಪರ್ ಸಜ್ಜಾಗಿರಬೇಕು, ಆದ್ದರಿಂದ ಚಿಲಕ ಪ್ಯಾಡು, ಎದೆಕವಚ ಎಲ್ಲ ಬಿಗಿದುಕೊಂಡು ಬಿಸಿಲಿನಲ್ಲಿ ಬೆಂಚಿನ ಮೇಲೆ ಬೇಯುತ್ತಿದ್ದ. ಕಣ್ಣು ಏಣಿಯ ಕಾಲಿನ ಮೇಲೆ. ತಪ್ಪು ಹೆಜ್ಜೆ ಇಟ್ಟಾಗಲೆಲ್ಲ ಎದೆಯಲ್ಲಿ ಏನೋ ಒಂದು ಚೂರು ಹಿಗ್ಗುತ್ತಿತ್ತು. ಅದು ಒಳ್ಳೆಯದಲ್ಲ ಅಂತ ಅವನಿಗೂ ಗೊತ್ತು. ಆದರೂ ಕಣ್ಣು ಕೀಳಲಿಲ್ಲ.

ಶೂಟೌಟಿಗೆ ಶಿಳ್ಳೆ ಬಿದ್ದಾಗ ಅವನು ಎದ್ದು ಹೆಲ್ಮೆಟ್ ಹಾಕಿಕೊಂಡ. ಯಾಕೆ ಹಾಕಿಕೊಂಡೆ ಅಂದರೆ ಹೇಳಲಾರ. ಕೋಚ್ ಅವನ ಮುಂದೆಯೇ ಹಾದು ಹೋಗಿ ಏಣಿಯ ಹೆಗಲು ತಟ್ಟಿದ. ಬೆಂಚಿನವರು ನೋಡುತ್ತಿದ್ದರು. ಹೆಲ್ಮೆಟ್ ತೆಗೆದರೆ ಇನ್ನೂ ಅವಮಾನವೆಂದು ಹಾಕಿಕೊಂಡೇ ಕೂತ.

ಕಾರ್ಖಾನೆಯವರು ಐದರಲ್ಲಿ ಎರಡು ಹೊಡೆದರು. ಬಂದರಿನವರ ನಾಲ್ವರಲ್ಲಿ ಇಬ್ಬರನ್ನು ಏಣಿ ತಡೆದ, ಉಗ್ರಾಣದಲ್ಲಿ ಕಲಿತ ಹಾಗೇ. ಎರಡನೆಯವನನ್ನು ತಡೆದಾಗ ಬೆಂಚಿನ ಕಡೆ ತಿರುಗಿ ಕೈ ಎತ್ತಿ ತೋರಿಸಿದ. ಎಲ್ಲರೂ ಚಿಲಕನನ್ನು ನೋಡಿದರು. ಹೇಳಿಕೊಟ್ಟಿದ್ದು ಇವನು ಎಂದು ಕೋಚ್‌ಗೂ ಆಗ ಹೊಳೆಯಿತು. ಎರಡಕ್ಕೆರಡು ಸಮ. ಉಳಿದವನು ಕೊಕ್ಕೆ. ಅವನು ಹೊಡೆದರೆ ಕಪ್ಪು ಅವರದು.

ಕೊಕ್ಕೆ ಏಣಿಯ ಬಲಕ್ಕೆ ಓಡಿದ. ಒಂದು, ಎರಡು ಎಂದು ಚಿಲಕನೂ ಎಣಿಸಿದ. ಮೂರಕ್ಕೆ ಅವನಿಗೆ ಕಂಡಿತು. ಕೊಕ್ಕೆ ಎಡಗಾಲನ್ನು ಕೆಂಡದ ಮೇಲೆ ಇಟ್ಟವನಂತೆ ಇಟ್ಟು ಎತ್ತುತ್ತಿದ್ದ. ಆ ಕಾಲಿನ ಮೇಲೆ ತಿರುಗುವುದಿರಲಿ, ನಿಲ್ಲಲೂ ಅವನಿಂದಾಗುತ್ತಿರಲಿಲ್ಲ. ಅರವತ್ತು ನಿಮಿಷವೂ ಹಾಗೇ ಓಡಿರಬೇಕು. ಚಿಲಕ ಗೋಲಿನಲ್ಲಿದ್ದಿದ್ದರೆ ಐದನೇ ನಿಮಿಷಕ್ಕೇ ಹಿಡಿಯುತ್ತಿದ್ದ. ಬೆಂಚಿನಲ್ಲಿ ಕೂತು ಒಂದು ಸಲವೂ ಅವನನ್ನು ನೋಡಿರಲಿಲ್ಲ. ಕೂಗಿ ಹೇಳಲೆಂದು ಬೆಂಚು ಹಿಡಿದು ಏಳಲು ಹೋದ.

ನಾಲ್ಕಕ್ಕೆ ಏಣಿ ಎಡಕ್ಕೆ ಬಿದ್ದ. ಕೊಕ್ಕೆ ತಿರುಗಲಿಲ್ಲ. ಬಲಕ್ಕೇ ಕುಂಟುತ್ತ ಹೋಗಿ ಚೆಂಡನ್ನು ಖಾಲಿ ಗೋಲಿಗೆ ಮೆಲ್ಲಗೆ ತಳ್ಳಿದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಏಣಿ ಮುಖಕ್ಕೆ ಟವೆಲ್ ಹಾಕಿಕೊಂಡಿದ್ದ. ಕೋಚ್ ಬಂದು ಚಿಲಕನ ಎದುರು ನಿಂತ.

"ಕೊಕ್ಕೆ ಎಡಕ್ಕೆ ಬರ್ತಾನೆ ಅಂತ ಹೇಳಿದ್ದು ನೀನೇನಾ?"

"ಹೂಂ."

"ಅವನ ಕಾಲು ಹಂಗಿದ್ದಿದ್ದು ನಿಂಗೆ ಕಾಣಲಿಲ್ವಾ? ನಿನ್ನ ಕಣ್ಣಿಗೆ? ಇಲ್ಲ, ಬೇಕಂತಲೇ ಸುಮ್ನಿದ್ಯಾ?"

ಉತ್ತರ ಎರಡೇ ಇದ್ದವು. ಕಾಣಲಿಲ್ಲ ಅಂದರೆ, ಚಿಲಕನ ಕಣ್ಣು ಹೋಯಿತು, ಮಂಡಿಯ ಹಿಂದೆ ಅದೂ ಹೋಯಿತು ಎಂದು ಎಲ್ಲರೂ ಅಯ್ಯೋ ಅನ್ನುತ್ತಾರೆ. ಬೆನ್ನು ತಟ್ಟುತ್ತಾರೆ. ಕುರ್ಚಿ ತಂದು ಕೊಡುತ್ತಾರೆ.

"ಬೇಕಂತಲೇ," ಅಂದ.

ಏಣಿ ಟವೆಲ್ ತೆಗೆದ. "ಸುಳ್ಳು ಸಾರ್. ಮೊದಲಿನ ನಾಲ್ಕು ಸರಿಯಾಗೇ ಹೇಳಿದ್ರಲ್ಲ."

"ನೀನು ನಂಬಲಿ ಅಂತ ಹೇಳಿದಾನೆ ಕಣೋ," ಅಂದ ಕೋಚ್. "ಇವನ ಹೊಟ್ಟೆಕಿಚ್ಚು ನಿಂಗೇನು ಗೊತ್ತು."

ಸುಳ್ಳಿನ ಉಳಿದರ್ಧವನ್ನು ಕೋಚೇ ಕಟ್ಟಿಕೊಟ್ಟ. ಚಿಲಕನಿಗೆ ಹಗುರವೆನಿಸಿತು. ಏಣಿ ಮಾತ್ರ ನೋಡುತ್ತಲೇ ಇದ್ದ. "ಅಣ್ಣ, ಇಲ್ಲ ಅಂತ ಹೇಳಿ. ಒಂದು ಮಾತು."

"ನಿಂಗೆ ಯಾವತ್ತೂ ಬುದ್ಧಿ ಬರಲ್ಲ," ಅಂದ ಚಿಲಕ. "ಸಿಕ್ಕಸಿಕ್ಕವರನ್ನೆಲ್ಲ ನಂಬ್ತೀಯ."

ಹುಡುಗ ಮುಖ ತಿರುಗಿಸಿದ.

"ಎದ್ದು ಹೋಗು," ಅಂದ ಕೋಚ್. "ಕಣ್ಣೆದುರು ಇರಬೇಡ."

ಸಿಟ್ಟು ಬಂದಾಗ ಬೇರೆ ಯಾರು ಬೇಕಾದರೂ ಬಿರ್ರನೆ ಎದ್ದು ಹೋಗಬಹುದು, ಗೋಲ್‌ಕೀಪರ್ ಹೋಗಲಾರ. ಒಂದೊಂದು ಪ್ಯಾಡಿಗೆ ಮೂರು ಪಟ್ಟಿ, ಷೂ ಮೇಲಿನ ಕಿಕ್ಕರಿಗೆ ಎರಡು, ತೊಡೆಗೆ ಬೇರೆ. ಹದಿನಾಲ್ಕು ಮಂದಿ ನೋಡುತ್ತ ಕೂತಿರಲು ಅವನು ಒಂದೊಂದೇ ಬಿಚ್ಚಿದ. ಎದೆಕವಚದ ಬಕಲ್ಲು ಬೆನ್ನಿನಲ್ಲಿತ್ತು. ಎರಡು ಸಲ ಕೈ ಹಾಕಿದ, ಎಟುಕಲಿಲ್ಲ. ಯಾರೂ ಏಳಲಿಲ್ಲ. ಅದರ ಮೇಲೇ ಅಂಗಿ ಹಾಕಿಕೊಂಡು, ಉಬ್ಬಿದ ಎದೆಯಲ್ಲಿ ಬಾಗಿಲು ದಾಟಿದ.

ಹೊರಗೆ ಕಾರ್ಖಾನೆಯ ಬಸ್ಸು ನಿಂತಿತ್ತು. ಬಸ್ಸನ್ನು ದಾಟಿ ಗೇಟಿನಾಚೆ ರಸ್ತೆಗಿಳಿದ. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ಅಣ್ಣ ಅಂದ ಹಾಗಾಯಿತು. ತಿರುಗಿ ನೋಡಿದರೆ ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದು ಅವನಿಗೆ ಗೊತ್ತಿತ್ತು. ಎಡಕ್ಕೊಂದು ಸಣ್ಣ ಬೀದಿ ಸಿಕ್ಕಿತು, ಅದಕ್ಕೆ ಹೊಕ್ಕ. ಬಸ್ಸು ಎರಡು ಸಲ ಹಾರ್ನ್ ಮಾಡಿತು, ಮತ್ತೊಂದು ಸಲ ಮಾಡಿತು, ಆಮೇಲೆ ಹೊರಟುಹೋಯಿತು. ಅವನು ಮನೆಯವರೆಗೂ ನಡೆದೇ ಹೋದ. ಆ ಮೈದಾನಕ್ಕೆ ಮತ್ತೆ ಕಾಲಿಡಲಿಲ್ಲ.